ಕೆಂಪಿಯನ್ನು ಕೊಟ್ಟ ಚೆಕಿಂಗ್ ಸಾಹೇಬರು

ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸುಮ್ಮನೆ ಕೂತಿದ್ದಾಗಲೂ ಒಂದನ್ನೊಂದು ಉಜ್ಜುತ್ತಲೇ ಇರುತ್ತಿದ್ದವು. ಸರ್ಕಾರಿ ಬಸ್ಸುಗಳಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿ ಜೀವಮಾನವಿಡೀ ಟಿಕೆಟ್ಟು ಹಿಡಿದು ನೋಡಿದ ಬೆರಳುಗಳು ಅವು. ಹೆಂಡತಿ ತೀರಿಕೊಂಡ ಮೇಲೆ ದೊಡ್ಡಬಳ್ಳಾಪುರದ ಮನೆಯಲ್ಲಿ ಒಬ್ಬರೇ ಇದ್ದರು. ನಾವೆಲ್ಲ ಅವರನ್ನು ಚೆಕಿಂಗ್ ಸಾಹೇಬರು ಎನ್ನುತ್ತಿದ್ದೆವು. ಕೆಲಸದಿಂದ ನಿವೃತ್ತಿ ಸಿಕ್ಕಿತ್ತೇ ಹೊರತು ಅನುಮಾನದಿಂದ ಸಿಕ್ಕಿರಲಿಲ್ಲ. ಅದನ್ನೆಲ್ಲ ತಂದು ನಾಯಿಗಳ ವಿಷಯಕ್ಕೆ ಹಾಕಿದ್ದರು.

ನಾಯಿ ಎಂದರೆ ಲ್ಯಾಬ್ರಡಾರ್. ಮರಿಯಿದ್ದಾಗ ಮುದ್ದು ಎಂದು ಕೊಂಡವರು, ಅದು ಬೆಳೆದು ಸೋಫಾ ಹರಿದ ಮೇಲೆ ಕಾರಿನಲ್ಲಿ ತಂದು ನೆಲಮಂಗಲದ ಗೋಡೌನುಗಳ ಹತ್ತಿರ ಇಳಿಸಿ ಹೋಗುತ್ತಾರೆ. ಮರಿ ಮಾರುವ ದಂಧೆಯವರು, ಇನ್ನು ಮರಿ ಹಾಕಲಾರದ ಹೆಣ್ಣುಗಳನ್ನು ಬಿಡುವುದೂ ಅಲ್ಲೇ. ಬೀದಿ ನಾಯಿ ಕಾರು ಕಂಡರೆ ಪಕ್ಕಕ್ಕೆ ಸರಿಯುತ್ತದೆ. ಇವು ಬಂದ ಬಂದ ಕಾರಿನ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತವೆ. ನಾನು ಅಲ್ಲಿನ ಒಂದು ಗೋಡೌನಿನ ಗುಮಾಸ್ತ. ಹಾಗೆ ನಿಂತ ಒಂದನ್ನು ನೋಡಲಾರದೆ ಅವರಿವರನ್ನು ವಿಚಾರಿಸಿದಾಗ ಸಿಕ್ಕವರು ಸಾಹೇಬರು. ಅಲ್ಲಿಂದ ಎಂಟು ವರ್ಷ, ನನ್ನ ಹಳೇ ವ್ಯಾನಿನಲ್ಲಿ ನಾಯಿ ತರುವುದು, ಅವರ ಹಿತ್ತಲಲ್ಲಿ ಗುಣಪಡಿಸಿ ಮರಿಯಾಗದಂತೆ ಆಪರೇಷನ್ ಮಾಡಿಸುವುದು, ಆಮೇಲೆ ಮನೆ ಹುಡುಕುವುದು ನಮ್ಮ ಭಾನುವಾರದ ಕೆಲಸವಾಯಿತು. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ.

ನಾಯಿ ಕೇಳಿಕೊಂಡು ಬಂದವರನ್ನು ಅವರು ಟಿಕೆಟ್ಟಿಲ್ಲದ ಪ್ರಯಾಣಿಕರ ಹಾಗೆ ನೋಡುತ್ತಿದ್ದರು. ‘ಟಿಕೆಟ್ ಇಲ್ದೋನೇ ಮೊದ್ಲು ನಗೋದು’ ಎನ್ನುವುದು ಅವರ ಮಾತು. ನಗುನಗುತ್ತ ಬಂದವರ ಕಥೆ ಮುಗಿದಂತೆಯೇ. ಸಾಹೇಬರು ಹೇಳದೆ ಕೇಳದೆ ಅವರ ಬೀದಿಗೆ ಹೋಗಿ, ಮೊದಲು ಅಲ್ಲಿನ ಬೀದಿ ನಾಯಿಗಳ ಮುಂದೆ ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಬಗ್ಗುತ್ತಿದ್ದರು. ನಾಯಿಗಳು ಓಡಿದರೆ ಆ ಬೀದಿಯಲ್ಲಿ ಕಲ್ಲು ಹೊಡೆಯುವವರಿದ್ದಾರೆ ಎಂದು ಅರ್ಥ. ಅಲ್ಲಿಂದಲೇ ವಾಪಸ್ಸು.

ರಾಜಘಟ್ಟದ ಕಡೆ ತೋಟದ ಮನೆಯಿರುವ ಒಬ್ಬ ಹಣ್ಣಿನ ಬುಟ್ಟಿ ಹಿಡಿದು ಬಂದಿದ್ದ. ಮನೆಯಲ್ಲಿ ಒಂದೂ ನಾಯಿಯಿಲ್ಲ, ಮಕ್ಕಳಿಗೆ ಆಸೆ, ಹೆಣ್ಣೇ ಬೇಕು, ಪಾಪ ಆಪರೇಷನ್ ಆಗದಿರುವುದಿದ್ದರೆ ಒಳ್ಳೆಯದು ಎಂದ. ಸಾಹೇಬರು ಹೂಂ ಎಂದು ಅವನನ್ನು ಕಳಿಸಿದರು. ಮುಂದಿನ ವಾರ ಅವನ ತೋಟಕ್ಕೆ ಹೋಗಿ ಕುಡಿಯಲು ನೀರು ಕೇಳಿ, ಅವನು ಒಳಗೆ ಹೋದದ್ದೇ ತಡ, ಹಿತ್ತಲಿಗೆ ನಡೆದರು. ಅಲ್ಲಿ ತೊಳೆದು ಬೋರಲು ಹಾಕಿದ್ದ ಪುಟ್ಟ ಪುಟ್ಟ ತಟ್ಟೆಗಳಿದ್ದವು. ‘ನಾಯೀನೇ ಇಲ್ದಿರೋ ಮನೇಲಿ ಮರಿ ತಟ್ಟೆ ಇಷ್ಟೊಂದು ಯಾಕಪ್ಪಾ?’ ಎಂದಷ್ಟೇ ಕೇಳಿ, ನೀರು ಮುಟ್ಟದೆ ಬಂದುಬಿಟ್ಟರು.

ಎಲ್ಲ ಸಲವೂ ಅವರೇ ಸರಿ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಹೆಣ್ಣುಮಗಳೊಬ್ಬಳಿಗೆ, ಪಕ್ಕದ ಮನೆಯವರ ಕಲ್ಲಿಗೆ ಹೆದರಿದ ನಾಯಿಗಳ ದೆಸೆಯಿಂದ, ಇಲ್ಲ ಎಂದುಬಿಟ್ಟರು. ಆಕೆ ಅತ್ತುಕೊಂಡು ಹೋದಳು. ನಾನು ಜಗಳಕ್ಕೇ ನಿಂತೆ. ಅವರು ನಾಯಿಗೆ ಅನ್ನ ಕಲಸುತ್ತಲೇ ಹೇಳಿದರು: ‘ಒಳ್ಳೇವ್ರಿಗೆ ಇಲ್ಲ ಅಂದ್ರೆ ಅವ್ರಿಗೆ ಒಂದಿನ ಬೇಜಾರು. ಕೆಟ್ಟೋರಿಗೆ ಹೂಂ ಅಂದ್ರೆ ಇದಕ್ಕೆ ಸಾಯೋಗಂಟ ನರಕ.’

ಕೆಂಪಿ ಎನ್ನುವ ಮುದಿ ಹೆಣ್ಣು ನಾಯಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಹೊಟ್ಟೆಯೆಲ್ಲ ಜೋತುಬಿದ್ದಿತ್ತು, ಎಷ್ಟು ಸಲ ಮರಿ ಹಾಕಿಸಿದ್ದರೋ ಪಾಪಿಗಳು. ಅವಳು ಸಾಹೇಬರ ಜೊತೆಯಲ್ಲೇ ಉಳಿದಳು, ಅವರ ಮಂಚದ ಕೆಳಗೇ ಮಲಗಿದಳು. ಆಮೇಲೆ ಅವರ ಎದೆ ಕೈಕೊಟ್ಟಿತು. ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಒಂದು ಭಾನುವಾರ ಅವರು ಹೇಳದೆ ಕೇಳದೆ ನೆಲಮಂಗಲದ ನಮ್ಮ ಮನೆಗೆ ಬಂದರು. ಗೇಟಿನ ಚಿಲಕ ಅಲ್ಲಾಡಿಸಿ ನೋಡಿದರು. ನಾಯಿ ಬಂದರೆ ಅನ್ನ ಹಾಕುವವರು ಯಾರು ಎಂದು ನನ್ನನ್ನು ಕೇಳಿ, ಅದನ್ನೇ ಅಡಿಗೆಮನೆಗೆ ಹೋಗಿ ನನ್ನ ಹೆಂಡತಿಯನ್ನೂ ಕೇಳಿದರು. ನನಗೆ ಉರಿದುಹೋಯಿತು.

‘ಎಂಟು ವರ್ಷ ಆಯ್ತು ಸಾರ್. ನನ್ನೂ ಚೆಕ್ ಮಾಡ್ತೀರಾ?’

‘ಒಂಟಿ ಮುದುಕ್ರಿಗೆ ನಾಯಿ ಕೊಡಬಾರ್ದು ಅಂತ ಎಷ್ಟು ಜನಾನ ವಾಪಸ್ ಕಳಿಸಿದೀನಿ. ನನ್ನ ನಾನೇ ಚೆಕ್ ಮಾಡ್ಕೊಂಡು ಫೇಲಾಗಿದೀನಿ ಕಣಪ್ಪ. ನಿನ್ನ ಬಿಡ್ತೀನಾ?’

ಮರುವಾರ ಕೆಂಪಿಯನ್ನು ಅವರೇ ನನ್ನ ವ್ಯಾನಿಗೆ ಹತ್ತಿಸಿದರು. ಹಳೆಯ ಯಜಮಾನರು ನಾಯಿಯ ಕಣ್ಣಿಗೆ ಬೀಳಬಾರದು, ಬಿದ್ದರೆ ಅದು ಹೊಸ ಮನೆಗೆ ಒಗ್ಗುವುದಿಲ್ಲ ಎನ್ನುವುದು ಅವರದೇ ಕಟ್ಟಪ್ಪಣೆ. ಅದರಂತೆ ಅವರು ಬರಲಿಲ್ಲ. ದಿನಾ ಸಂಜೆ ಫೋನು ಮಾತ್ರ ಬರುತ್ತಿತ್ತು. ತಿಂದಳೇ, ಏನು ತಿಂದಳು, ಯಾರು ಹಾಕಿದರು, ತಟ್ಟೆಯಲ್ಲಿ ಎಷ್ಟು ಬಿಟ್ಟಳು ಎಂದು ನನ್ನ ಬಾಯಿಂದ ಎಲ್ಲವನ್ನೂ ಎರಡೆರಡು ಸಲ ಹೊರಡಿಸುತ್ತಿದ್ದರು.

ಹಾಗಿರುವಾಗ ನಮ್ಮ ಬಸ್‌ಸ್ಟಾಪಿನ ಟೀ ಅಂಗಡಿಯವನು, ಯಾರೋ ವಯಸ್ಸಾದವರು ಆಗಾಗ ಬಂದು ನಿಮ್ಮ ಗೇಟನ್ನೇ ನೋಡುತ್ತ ಕೂರುತ್ತಾರೆ, ನೀವು ನಾಯಿ ಹಿಡಿದು ಹೊರಗೆ ಬಂದರೆ ಆ ಕಡೆ ತಿರುಗಿಬಿಡುತ್ತಾರೆ ಎಂದ. ಇನ್ನೂ ಅನುಮಾನವೇ ಎಂದು ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಎರಡು ದಿನ ಬಿಟ್ಟು, ಕೆಂಪಿಯನ್ನು ಹಿಡಿದು ಗೇಟು ದಾಟಿದವನು ನೋಡಿದರೆ ಅವರು ಅಲ್ಲೇ ಇದ್ದರು, ಈ ಕಡೆಗೆ ಬೆನ್ನು ಮಾಡಿಕೊಂಡು. ನಾನು ಕೂಗಲಿಲ್ಲ. ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ಕೆಂಪಿ ಮೂಗೆತ್ತಿದಳು. ಆ ಮುದಿ ಕಾಲುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ, ನನ್ನನ್ನು ದರದರ ಎಳೆದುಕೊಂಡು ಹೊರಟಳು. ಸಾಹೇಬರು ತಿರುಗಿ ನೋಡಿದರು. ಕುಡಿಯುತ್ತಿದ್ದ ಟೀ ಅಲ್ಲೇ ಬಿಟ್ಟು, ಎದುರಿಗೆ ನಿಂತಿದ್ದ ಬಸ್ಸು ಹತ್ತಿಬಿಟ್ಟರು. ಅದು ಕುಣಿಗಲ್ ಬಸ್ಸು. ದೊಡ್ಡಬಳ್ಳಾಪುರದವರಿಗೆ ಅಲ್ಲೇನು ಕೆಲಸ? ಬಸ್ಸು ಹೊರಟಿತು. ಕೆಂಪಿ ರಸ್ತೆಯಲ್ಲೇ ಕೂತಳು. ಅವಳನ್ನು ನಾನು ಎತ್ತಿಕೊಂಡೇ ಮನೆಗೆ ಬರಬೇಕಾಯಿತು.

ಸಂಜೆ ಫೋನು ಬಂತು. ತಾವು ಬಂದಿದ್ದರ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

‘ಊಟ ಮಾಡಿದ್ಲಾ?’

ಕೆಂಪಿ ಗೇಟಿಗೆ ಮೂತಿಯಿಟ್ಟು ಮಲಗಿದ್ದಳು. ಅನ್ನ ಹಾಕಿದ್ದು ಹಾಕಿದ ಹಾಗೇ ಇತ್ತು.

‘ಮಾಡಿದ್ಲು ಸಾರ್. ಪೂರ್ತಿ ತಿಂದ್ಲು.’

ಏನು ಹಾಕಿದೆ, ಯಾರು ಹಾಕಿದರು ಎನ್ನುವ ಪ್ರಶ್ನೆಗಳಿಗೆ ನಾನು ಕಾದೆ.

‘ಸರಿ ಬಿಡಪ್ಪ’ ಎಂದರು.

ಮಾರನೆಯ ದಿನ ಬೆಳಿಗ್ಗೆ ಅವರು ತೀರಿಕೊಂಡರು. ನಾನು ಹೇಳಿದ ಎಷ್ಟೋ ನಿಜಗಳನ್ನು ಮರುಪ್ರಶ್ನೆ ಹಾಕಿ ಹಾಕಿ ಅಳೆದಿದ್ದ ಮನುಷ್ಯ, ಆ ಒಂದು ಸುಳ್ಳನ್ನು ಮರುಮಾತಿಲ್ಲದೆ ತೆಗೆದುಕೊಂಡು ಫೋನಿಟ್ಟಿದ್ದರು.