ಅತ್ತೆಯ ಟಬ್ಬಿಗೆ ಮದ್ದು

ಹೊಸನಗರದ ನಮ್ಮ ಮನೆಯ ಹಿಂದೆ ಬಿಸಿನೀರಿನ ಟಬ್ ಬಂದು ಕೂತಾಗ ಕೇರಿಯವರೆಲ್ಲ ನಕ್ಕಿದ್ದರು. ನಗಲಿ ಬಿಡಿ. ಅತ್ತೆಗೆ ಎಂಬತ್ತರ ಹತ್ತಿರ. ಮಂಡಿ ಹಿಡಿದುಕೊಂಡು, ಬಸದಿಯ ಮೆಟ್ಟಿಲು ಹತ್ತದೆ ವರ್ಷವಾಗಿತ್ತು. ದಿನಾ ಕಾಲು ಗಂಟೆ ಬೆಚ್ಚಗಿನ ನೀರಲ್ಲಿ ಕೂತು ಕಾಲಾಡಿಸಿದರೆ ಸಡಿಲಾಗುತ್ತೆ ಅಂತ ಫಿಸಿಯೋಥೆರಪಿಯವಳು ಹೇಳಿದ್ದೇ ತಡ, ನಮ್ಮನೆಯವರು ಸಾಗರದ ಅಂಗಡಿಯಿಂದ ತಂದೇಬಿಟ್ಟರು. ಒಮ್ಮೆ ತುಂಬಿದರೆ ಅದೇ ನೀರನ್ನು ಫಿಲ್ಟರ್ ಮಾಡಿ, ಬೆಚ್ಚಗಿಟ್ಟು ತಿಂಗಳುಗಟ್ಟಲೆ ನಡೆಸುವಂಥದ್ದು.

ಎಡವಟ್ಟು ಮಾಡಿದ್ದು ನನ್ನ ಬಾಯಿ. ಟಬ್ಬಿನ ಜೊತೆ ಕೊಟ್ಟಿದ್ದ ಕ್ಲೋರಿನ್ ಡಬ್ಬಿ ನೋಡಿ ಅತ್ತೆ, "ಇದೆಂತಕ್ಕೇ?" ಅಂದರು.

"ನೀರಲ್ಲಿರೋ ಕ್ರಿಮಿ ಸಾಯೋಕೆ ಅತ್ತೆ," ಅಂದುಬಿಟ್ಟೆ.

ಜೈನರ ಮನೆಯಲ್ಲಿ ಆಡುವ ಮಾತಾ ಅದು! ನಾವು ಕುಡಿಯೋ ನೀರನ್ನು ಇವತ್ತಿಗೂ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಬಾವಿಗೇ ಬಿಡುವವರು. ಕಣ್ಣಿಗೆ ಕಾಣದ ಜೀವವೂ ಬದುಕಿಕೊಳ್ಳಲಿ ಅಂತ. ಅತ್ತೆಯ ಮುಖ ಇಳಿಯಿತು. "ನನ್ನ ಮಂಡಿನೋವಿಗೆ ಅಷ್ಟು ಜೀವ ತೆಗೀಬೇಕಾ? ನಾನು ಇಳಿಯಲ್ಲ."

ಅವರು ಒಮ್ಮೆ ಇಲ್ಲ ಅಂದರೆ ಇಲ್ಲ. ನಾನೂ ಹಟದವಳೇ, ಇಷ್ಟೆಲ್ಲ ಮಾಡಿ ಟಬ್ ಖಾಲಿ ಬಿಡೋದಾ? ಡಬ್ಬಿಯನ್ನು ಅಟ್ಟಕ್ಕೆ ಹಾಕಿ, ನಲ್ಲಿಯ ಬಾಯಿಗೆ ಸೋಸುವ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ ಟಬ್ ತುಂಬಿಸಿದೆ. ತಳದಲ್ಲಿ ಸೂಜಿ ಬಿದ್ದರೂ ಕಾಣುವಷ್ಟು ತಿಳಿ ನೀರು. ಅತ್ತೆ ಇಳಿದರು. ಹತ್ತನೇ ದಿನ ನನ್ನ ಕೈ ಬಿಟ್ಟು ಬಸದಿಯ ಮೆಟ್ಟಿಲು ಹತ್ತಿದರು! ನಾನು ಕೆಳಗೇ ನಿಂತು ಕಣ್ಣೊರೆಸಿಕೊಂಡೆ.

ಅದಾಗಿ ವಾರ ಕಳೆದಿತ್ತೋ ಇಲ್ಲವೋ, ಟಬ್ಬಿನ ಗೋಡೆ ಮುಟ್ಟಿದರೆ ಲೋಳೆಲೋಳೆ. ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಎಣ್ಣೆ ಹಚ್ಚಿಕೊಂಡು ಇಳೀತಾರಲ್ಲ, ಅದಕ್ಕೇ ಇರಬೇಕು ಅಂತ ಸುಮ್ಮನಾದೆ. ಎರಡು ದಿನಕ್ಕೆ ಅತ್ತೆಯ ಬೆನ್ನು, ತೊಡೆ ತುಂಬ ಕೆಂಪು ಗುಳ್ಳೆ. ಈ ವಯಸ್ಸಿನಲ್ಲಿ ಇವರ ಮೈಗೆ ಎಂತ ತಂದುಹಾಕಿದೆ ನಾನು!

ತೀರ್ಥಹಳ್ಳಿಯ ಚರ್ಮದ ಡಾಕ್ಟರು ಗುಳ್ಳೆ ನೋಡಿ, "ನೀರಿಗೆ ಏನು ಹಾಕ್ತೀರಿ?" ಅಂದರು.

"ಏನೂ ಇಲ್ಲ. ಸೋಸಿದೀವಿ," ಅಂದೆ.

"ಬೆಚ್ಚಗಿನ ನೀರು, ಮೇಲೆ ಮುಚ್ಚಳ, ಊಟಕ್ಕೆ ಎಣ್ಣೆ, ಬೆವರು. ಕ್ರಿಮಿ ಹುಟ್ಟಿ ಬೆಳೆಯೋಕೆ ಇನ್ನೇನು ಬೇಕಮ್ಮ?" ಗುಳ್ಳೆ ತಾನಾಗೇ ಹೋಗುತ್ತೆ, ಕ್ಲೋರಿನ್ ಮದ್ದಿಲ್ಲದ ನೀರಿಗೆ ಮಾತ್ರ ಇಳಿಸಬೇಡಿ ಅಂದರು. ನನಗೆ ಅರ್ಧ ಉಸಿರು ಬಂತು. ಇನ್ನರ್ಧ ಬರಲಿಲ್ಲ. ಮದ್ದು ಹಾಕಿದರೆ ಅತ್ತೆ ಇಳಿಯಲ್ಲ. ಇಳಿಯದಿದ್ದರೆ ಆ ಮೆಟ್ಟಿಲು ಮತ್ತೆ ದೂರ.

ವಾಪಸ್ ಬರುವಾಗ ಕಾರಿನಲ್ಲಿ, ಅರ್ಧ ದಾರಿಗೆ ಅತ್ತೆ ಕೇಳಿದರು, "ಕುಡಿಯೋಕೆ ಕಾಯಿಸಿದ ನೀರನ್ನ ನಾವು ಮಾರನೇ ದಿನಕ್ಕೆ ಯಾಕೆ ಇಡಲ್ಲ?"

"ಮತ್ತೆ ಜೀವ ಹುಟ್ಟತ್ತೆ ಅಂತ."

"ಮತ್ತೆ ಇದನ್ನ ಇಪ್ಪತ್ತು ದಿನ ಇಟ್ಟೆಯಲ್ಲೇ ಪುಣ್ಯಾತ್ಗಿತ್ತಿ! ಮೊದಲೇ ಮದ್ದು ಹಾಕಿದ್ರೆ ಹುಟ್ತಾನೇ ಇರಲಿಲ್ಲ. ಅಷ್ಟನ್ನೂ ಹುಟ್ಟಿಸಿ, ಈಗ ಚೆಲ್ಲೋದು. ಇದ್ಯಾವ ಧರ್ಮ?"

ಬೈಸಿಕೊಂಡು ಇಷ್ಟು ಖುಷಿಯಾಗಿದ್ದು ಜನ್ಮದಲ್ಲಿ ಅದೇ ಮೊದಲು. ನಮ್ಮನೆಯವರು ಕಾರಿನ ಕನ್ನಡಿಯಲ್ಲಿ ನನ್ನನ್ನು ನೋಡಿ ನಗ್ತಿದ್ದರು.

ಟಬ್ ಖಾಲಿ ಮಾಡಿದ ದಿನ ಅತ್ತೆ ಉಪವಾಸ ಇದ್ದರು. ನಾನೂ ಇದ್ದೆ, ತಪ್ಪು ನನ್ನದೇ ತಾನೆ. ಆಮೇಲೆ ಗಾರೆಯವರನ್ನು ಕರೆಸಿ ಟಬ್ಬಿಗೆ ಅಂಟಿಸಿದ ಹಾಗೆ ಒಂದು ಪುಟ್ಟ ಬಚ್ಚಲು ಕಟ್ಟಿಸಿದೆವು. ಸೀಗೆಪುಡಿ ಹಾಕಿ ಎಣ್ಣೆ ತೊಳೆದುಕೊಂಡೇ ಇಳಿಯಬೇಕು. ಹಿಡಿದುಕೊಳ್ಳೋಕೆ ಸ್ಟೀಲ್ ಕಂಬಿಯೂ ಬಂತು. ಟಬ್ ತಿಕ್ಕಿ, ಫಿಲ್ಟರ್ ತೊಳೆದು, ಹೊಸ ನೀರು ತುಂಬಿದ ಕೂಡಲೇ ಮದ್ದು ಹಾಕಿದೆ. ಈಗ ದಿನಾ ಸಂಜೆ ಮದ್ದು, ಬೆಳಿಗ್ಗೆ ಮದ್ದು ಸಾಕಷ್ಟಿದೆಯಾ ಅಂತ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡೋದು. ಪಟ್ಟಿ ನೋಡುವ ಕೆಲಸ ಅತ್ತೆಯದೇ. ನನ್ನ ಮೇಲೆ ಅವರಿಗೆ ನಂಬಿಕೆ ಇಲ್ಲ.

ಗುಳ್ಳೆ ಪೂರಾ ಮಾಯ್ದ ಮೇಲೆ ಮೊದಲ ಸಲ ಇಳಿಯುವ ದಿನ, ಪಟ್ಟಿಯ ಬಣ್ಣ ಸರಿ ಬಂತು. ಅತ್ತೆ ಕಂಬಿ ಹಿಡಿದು ನಿಂತು, ಬಗ್ಗಿ ನೀರನ್ನೇ ನೋಡಿದರು.

"ಒಳಗೆ ಯಾರೂ ಇಲ್ಲ ತಾನೆ?"

"ಯಾರೂ ಇಲ್ಲ ಅತ್ತೆ."

"ಹಂಗಾದ್ರೆ ಸರಿ," ಅಂದು ಕಾಲಿಟ್ಟರು.