ಚಂದ ಆಗಬಾರದ ಸದ್ದು

ಮೊನ್ನೆ ಸಿಂಧನೂರಿನ ನಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಹೆಂಡತಿಯ ಕೈ ಜಾರಿ ಏನೋ ಕೆಳಗೆ ಬಿತ್ತು. ಟಕ್ ಎಂದ ಆ ಸದ್ದು ಎಷ್ಟು ಇಂಪಾಗಿತ್ತೆಂದರೆ, ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದ ನಾನು ಅರ್ಧಕ್ಕೇ ಬಾಯಿ ಮುಚ್ಚಿದೆ.

ಭಾಷಣ ಎಂದರೆ ಸನ್ಮಾನದ್ದಲ್ಲ, ಸಾಂತ್ವನದ್ದು. ಜೀವಮಾನವಿಡೀ ಕನ್ನಡ ಪಾಠ ಹೇಳಿದ ತಪ್ಪಿಗೆ, ನಮ್ಮ ಬಳಗದಲ್ಲಿ ಯಾರೇ ತೀರಿಕೊಂಡರೂ ಮಾತಾಡಲು ನನ್ನನ್ನೇ ಮುಂದೆ ದಬ್ಬುತ್ತಾರೆ. ನಾನೂ ಬಿಗುಮಾನ ಮಾಡುವವನಲ್ಲ. ವಯಸ್ಸಾದವರು ಹೋದರೆ ಒಂದು ಮಾತು, ಅಕಾಲಕ್ಕೆ ಹೋದರೆ ಇನ್ನೊಂದು, ಎಲ್ಲ ತಯಾರಿಟ್ಟುಕೊಂಡಿರುತ್ತೇನೆ. ಅಂದು ಹೋಗಬೇಕಿದ್ದದ್ದು ದಢೇಸುಗೂರಿಗೆ. ನನ್ನ ಜೊತೆ ಪಾಠ ಹೇಳುತ್ತಿದ್ದ ಗೆಳೆಯ ಶರಣಪ್ಪನ ಮಗಳು, ಇನ್ನೇನು ಮದುವೆಯಾಗಬೇಕಿದ್ದ ಹುಡುಗಿ, ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಿದ್ದಳು. ತಯಾರಿದ್ದ ಯಾವ ಮಾತೂ ಅದಕ್ಕೆ ಸರಿಯಾಗಿ ಹೊಂದದೆ, ತಿರುತಿರುಗಿ ಹೇಳಿ ನೋಡುತ್ತಿದ್ದೆ.

ಬಿದ್ದದ್ದು ಅಪ್ಪ ಮಾಡಿದ ಟಕಟಕಿ. ಅದು ನಾವು ಹುಡುಗರು ಇಟ್ಟ ಹೆಸರು, ನೀವು ಕೇಳಿರಲಿಕ್ಕಿಲ್ಲ. ಹಿಡಿಕೆ ಇರುವ ಮರದ ಹಲಗೆ, ಅದರ ಮೇಲೊಂದು ಅತ್ತಿತ್ತ ಆಡುವ ಮರದ ಸುತ್ತಿಗೆ; ಕೈ ಬೀಸಿದರೆ ಸುತ್ತಿಗೆ ಹಲಗೆಗೆ ಬಡಿಯುತ್ತದೆ. ನಾವು ಮುದಗಲ್ಲಿನ ಬಡಿಗರು. ನಮ್ಮ ಓಣಿಯ ಹಿಂದೆಯೇ ಕ್ರೈಸ್ತರ ಮನೆಗಳಿದ್ದವು. ಏಸು ಶಿಲುಬೆಯ ಮೇಲೆ ಸತ್ತ ಶುಕ್ರವಾರ ಅವರ ಚರ್ಚಿನಲ್ಲಿ ಗಂಟೆ ಬಾರಿಸುವುದಿಲ್ಲ. ಅದರ ಬದಲು ಇದನ್ನು ಬಡಿಯುತ್ತ ಓಣಿ ಓಣಿ ಸುತ್ತುತ್ತಿದ್ದರು. ಒಂದು ವರ್ಷ ಹಳೆಯದಕ್ಕೆ ಹುಳ ಹಿಡಿದು, ಚರ್ಚಿನ ಕೆಲಸ ನೋಡಿಕೊಳ್ಳುತ್ತಿದ್ದ ಇನ್ನಾಸಪ್ಪ ಎಂಬ ಹಿರಿಯರು ಹೊಸದು ಮಾಡಿಕೊಡಲು ಅಪ್ಪನಿಗೆ ಹೇಳಿದರು.

ಆಗ ನಮ್ಮ ಮನೆಯ ಸ್ಥಿತಿ ಚೆನ್ನಾಗಿರಲಿಲ್ಲ. ನನ್ನ ತಂಗಿ ಗಿರಿಜಾ ಹಾವು ಕಚ್ಚಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬಂದವರೆಲ್ಲ ಒಂದೊಂದು ಕಾರಣ ಕೊಟ್ಟು ಹೋಗಿದ್ದರು. ಹಿಂದಿನ ಜನ್ಮದ್ದು ಎಂದರು ಒಬ್ಬರು. ದೇವರು ತನಗೆ ಬೇಕಾದವರನ್ನು ಬೇಗ ಕರೆಸಿಕೊಳ್ಳುತ್ತಾನೆ ಎಂದರು ಇನ್ನೊಬ್ಬರು. ಸೋದರತ್ತೆಯಂತೂ ಅಪ್ಪ ಬನ್ನಿಯ ಮರ ಕಡಿದದ್ದೇ ಇದಕ್ಕೆಲ್ಲ ಮೂಲವೆಂದು ಖಚಿತವಾಗಿ ಹೇಳಿದಳು. ಯಾವ ಮರ ಕಡಿದೆ, ಯಾರ ಮನಸ್ಸು ನೋಯಿಸಿದೆ ಎಂದು ತನ್ನ ತಪ್ಪು ಹುಡುಕುತ್ತ ಅಪ್ಪ ನಿದ್ದೆ ಬಿಟ್ಟ. ದೇವರ ಜಗಲಿಯ ಕಾಳಮ್ಮನಿಗೆ ದೀಪ ಹಚ್ಚುವುದನ್ನೂ ಬಿಟ್ಟ. ತಂಗಿಯ ಹಿಂದೆ ಇವನೂ ಹೋಗಿಬಿಡುತ್ತಾನೆಂದು ನನಗೆ ದಿನವೂ ಹೆದರಿಕೆ.

ಆದರೆ ಕೈ ಕೆಲಸ ಮರೆತಿರಲಿಲ್ಲ. ಚೆನ್ನಾಗಿ ಒಣಗಿದ ಸಾಗುವಾನಿ ಆರಿಸಿ, ನುಣ್ಣಗೆ ಕೀಸಿ ಅಪ್ಪ ಮಾಡಿದ ಟಕಟಕಿಯನ್ನು ಭಜನೆಯ ತಾಳಕ್ಕೆ ಬಳಸಬಹುದಿತ್ತು. ಇನ್ನಾಸಪ್ಪ ಅದನ್ನು ಬಡಿದು ನೋಡಿ, ತಿರುಗಿ ಅಪ್ಪನ ಕೈಗೇ ಕೊಟ್ಟರು.

“ಭಾಳ ಚಂದ ಆಗ್ಯಾದ ಕಾಳಪ್ಪ. ಇದು ಚಂದ ಆಗಬಾರದು.”

ಅಪ್ಪನಿಗೆ ಸಿಟ್ಟೇ ಬಂತು. ಇನ್ನಾಸಪ್ಪ ಕಟ್ಟೆಯ ಮೇಲೆ ಕೂತು ನಿಧಾನವಾಗಿ ತಿಳಿಸಿದರು. ಅದು ತಮ್ಮ ಸ್ವಾಮಿ ಸತ್ತ ದಿನ, ಕೇಳಿದವರ ಎದೆಗೆ ಹೊಡೆದಂತಾಗಬೇಕು. ಸಮಾಧಾನಕ್ಕೆ ಅವನು ಸಾವಿನಿಂದ ಎದ್ದು ಬಂದ ಭಾನುವಾರವಿದೆ, ಅದರ ಗಂಟೆಯಿದೆ. ಅದನ್ನು ಅವಸರ ಮಾಡಿ ಶುಕ್ರವಾರಕ್ಕೇ ತರಬಾರದು ಎಂದರು.

ಅಪ್ಪ ಟಕಟಕಿಯನ್ನು ಕೆಳಗಿಟ್ಟ. ಆಮೇಲೆ, “ಅಂವ ಏನು ತಪ್ಪು ಮಾಡಿದ್ದ?” ಎಂದು ಕೇಳಿದ.

“ಏನೂ ಮಾಡಿದ್ದಿಲ್ಲ.”

“ಮತ್ಯಾಕ?”

“ಶಿಲುಬಿ ಮ್ಯಾಲ ಅಂವನೂ ಯಾಕಂತ ಕೇಳ್ಯಾನ. ಮ್ಯಾಲಿಂದ ಉತ್ತರ ಬರಲಿಲ್ಲ. ನಾವೂ ವರ್ಷಾ ವರ್ಷಾ ಕೇಳಾಕತ್ತೀವಿ.” ಇನ್ನಾಸಪ್ಪ ಎದ್ದು ಅಪ್ಪನ ಹೆಗಲ ಮೇಲೆ ಕೈಯಿಟ್ಟರು. “ಕೂಸಿನ ತಪ್ಪಿಲ್ಲ, ನಿನ್ನ ತಪ್ಪೂ ಇಲ್ಲ. ಹುಡುಕೂದು ಬಿಡು.”

ಕ್ರೈಸ್ತರಲ್ಲೂ ಇದಕ್ಕೆ ದೊಡ್ಡ ದೊಡ್ಡ ವಿವರಣೆಗಳಿವೆ ಎಂದು ಆಮೇಲೆ ಓದಿ ತಿಳಿದೆ. ದೇವರು ಮನುಷ್ಯನಿಗೆ ಕೊಟ್ಟ ಸ್ವಾತಂತ್ರ್ಯದಿಂದಲೇ ಕೇಡು ಹುಟ್ಟಿತು ಎನ್ನುವವರಿದ್ದಾರೆ, ಕಷ್ಟ ಜೀವವನ್ನು ಮಾಗಿಸುತ್ತದೆ ಎನ್ನುವವರಿದ್ದಾರೆ. ತೂಕದ ಮಾತುಗಳೇ, ಒಂದೆರಡನ್ನು ನನ್ನ ಭಾಷಣಗಳಿಗೆ ಧಾರಾಳವಾಗಿ ಎತ್ತಿಕೊಂಡಿದ್ದೇನೆ. ಇನ್ನಾಸಪ್ಪನವರಿಗೆ ಅವೆಲ್ಲ ಗೊತ್ತಿದ್ದವೋ ಏನೋ, ಅಪ್ಪನ ಮುಂದೆ ಒಂದನ್ನೂ ತೆಗೆಯಲಿಲ್ಲ. ನೋವು ಯಾಕೆ ಬಂತೆಂದು ಅವರು ಹೇಳಲಿಲ್ಲ. ತಮ್ಮ ದೇವರೂ ಅದನ್ನು ಉಂಡಿದ್ದಾನೆ ಎಂದಷ್ಟೇ ಹೇಳಿ ಹೋದರು.

ಅಪ್ಪ ಹಳೆಯ ಬಂಡಿಯ ಸೀಳುಬಿಟ್ಟ ಜಾಲಿ ಹಲಗೆ ತೆಗೆದು ಇನ್ನೊಂದು ಟಕಟಕಿ ಮಾಡಿದ. ಶುಕ್ರವಾರ ಅದನ್ನು ಬಡಿಯುತ್ತ ಚರ್ಚಿನವರು ನಮ್ಮ ಬಾಗಿಲ ಮುಂದೆ ಹಾದರು. ಹಲ್ಲು ಜುಮ್ಮೆನ್ನುವ ಆ ಸದ್ದಿಗೆ ಅಪ್ಪ ಹೊಸ್ತಿಲಲ್ಲಿ ಕುಸಿದು ಕೂತು ಅತ್ತ. ಗಿರಿಜಾ ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು. ಭಾನುವಾರ ಗಂಟೆ ಕೇಳಿಸಿದಾಗ ಅವನು ಎದ್ದು ಸ್ನಾನಕ್ಕೆ ಹೊರಟ. ಅಣ್ಣ ಇನ್ನು ಚರ್ಚಿಗೇ ಹೋದನೆಂದು ಸೋದರತ್ತೆ ಕಣ್ಣೀರು ಹಾಕಲು ತಯಾರಾದಳು. ಅಪ್ಪ ನೇರ ಜಗಲಿಗೆ ಬಂದ, ದೀಪ ಹಚ್ಚಿದ, ಕಾಳಮ್ಮನ ಮುಖ ನೋಡುತ್ತ ಗಟ್ಟಿಯಾಗಿ, “ನನ್ನ ಕೂಸನ್ನ ಯಾಕ ಒಯ್ದಿ ಬೇ” ಎಂದು ಕೇಳಿದ. ಮುನಿಸಿಕೊಂಡವರು ಮತ್ತೆ ಮಾತು ಶುರುಮಾಡಿದಂತಿತ್ತು. ಆ ಮಧ್ಯಾಹ್ನ ಅವನು ಹೊಟ್ಟೆ ತುಂಬ ಉಂಡು ಮಲಗಿ ಗೊರಕೆ ಹೊಡೆದ. ಗೊರಕೆ ಕೇಳಿ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಾನು ಆಟಕ್ಕೆ ಓಡಿದೆ.

ಇಂಪಾದ ಟಕಟಕಿ ಮನೆಯಲ್ಲೇ ಉಳಿಯಿತು. ಮಾಳಿಗೆಯ ಮೇಲೆ ಒಣಹಾಕಿದ ಜೋಳದಿಂದ ಗುಬ್ಬಿ ಓಡಿಸಲು ಅವ್ವ ಅದನ್ನು ಬಡಿಯುತ್ತಿದ್ದಳು. ಗುಬ್ಬಿಗಳು ಹೆದರದೆ ಕೂತು ಕೇಳುತ್ತಿದ್ದವು. ಮೊನ್ನೆ ಅದನ್ನು ಕೈಯಲ್ಲಿ ಹಿಡಿದಾಗ, ನನ್ನ ಸಾಂತ್ವನದ ಭಾಷಣಗಳೆಲ್ಲ ಇದೇ ಸಾಗುವಾನಿಯವು ಎನ್ನಿಸಿ ನಗು ಬಂತು.

ಭಾಷಣವನ್ನು ಮನೆಯಲ್ಲೇ ಬಿಟ್ಟು ದಢೇಸುಗೂರಿನ ಬಸ್ಸು ಹತ್ತಿದೆ. ಕಾಲುವೆಯ ಉದ್ದಕ್ಕೂ ಭತ್ತ ಹಸಿರಾಗಿತ್ತು. ಹೇಳಲು ಏನೂ ಇಲ್ಲದೆ ಹೋಗುವುದು ಇಷ್ಟು ಹಗುರವೆಂದು ನನಗೆ ಗೊತ್ತೇ ಇರಲಿಲ್ಲ. ಶರಣಪ್ಪ ಪಡಸಾಲೆಯ ಹೊರಸಿನ ಮೇಲೆ ಒಬ್ಬನೇ ಕೂತಿದ್ದ. ನನ್ನನ್ನು ಕಂಡವನೇ, “ನೀ ಓದಿದಾಂವ. ಯಾಕ ಹಿಂಗಾತು, ಹೇಳು” ಎಂದ.

“ನಂಗ ಗೊತ್ತಿಲ್ಲೋ ಶರಣಪ್ಪ” ಎಂದೆ.



“ಮುಂಜಾನಿಯಿಂದ ಬಂದವರಿಗೆಲ್ಲಾ ಗೊತ್ತಿತ್ತು” ಎಂದು, ಹೊರಸಿನ ಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟ.