ವಿಭೂತಿ ಹಚ್ಚಿದ ಎರಡು ಡಿಸ್ಕು

ಹೊಸದುರ್ಗದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಹಿರಿಯೂರು, ಹೊಳಲ್ಕೆರೆ, ತಾಳ್ಯದ ಕಡೆಯವರೆಲ್ಲ ಮದುವೆ ವಿಡಿಯೋಗೆ ನನ್ನನ್ನೇ ಕರೆಯುತ್ತಾರೆ. ಜಂಬಕ್ಕೆ ಹೇಳುತ್ತಿಲ್ಲ. ಊರವರ ಮದುವೆಗಳನ್ನೆಲ್ಲ ತಿಂಗಳೊಳಗೆ ಕೈಗೆ ಕೊಡುವ ನಾನು, ನನ್ನ ಮದುವೆಯ ವಿಡಿಯೋವನ್ನು ಏಳು ವರ್ಷವಾದರೂ ಹೆಂಡತಿಗೆ ತೋರಿಸಿರಲಿಲ್ಲ. ಅವಳು ಯುಗಾದಿಗೆ ಕೇಳಿದರೆ ದೀಪಾವಳಿಗೆ ಎನ್ನುತ್ತಿದ್ದೆ, ದೀಪಾವಳಿಗೆ ಕೇಳಿದರೆ ಯುಗಾದಿಗೆ. ಗಿರಾಕಿಗಳದು ಮೊದಲು, ನಮ್ಮದೇನು ಓಡಿಹೋಗುತ್ತದೆಯೇ ಎಂಬುದು ನನ್ನ ವಾದ.

ಆ ಮದುವೆ, ಎಡಿಟ್ ಆಗದೆ ಹಸಿಹಸಿಯಾಗಿ, ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿತ್ತು. ಗಿರಾಕಿಗಳದಕ್ಕೆ ಎರಡೆರಡು ಕಾಪಿ ಇಡುವವನು ಇದಕ್ಕೆ ಇಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಚಿತ್ರದುರ್ಗದಿಂದ ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಡಿಸ್ಕು ತಂದಿದ್ದೆ. ಒಂದಕ್ಕೆ ನಮ್ಮದನ್ನೆಲ್ಲ ತುಂಬಿ, 'ಮನೇದು' ಎಂದು ಚೀಟಿ ಬರೆದು ಅಂಟಿಸಿದೆ. ಇನ್ನೊಂದು ಡಬ್ಬಿಯೊಳಗೇ ಖಾಲಿ ಕೂತಿತ್ತು.

ಹೋದ ಆಯುಧಪೂಜೆಯ ದಿನ ಅವಸರ. ನಮ್ಮ ಮನೆಯಲ್ಲಿ ದುಡಿಯುವ ವಸ್ತು ಯಾವುದೂ ವಿಭೂತಿಯಿಲ್ಲದೆ ಉಳಿಯುವಂತಿಲ್ಲ. ಕ್ಯಾಮೆರಾ, ಬೈಕು, ಈಳಿಗೆಮಣೆ, ಎಲ್ಲ ಸಾಲಾಗಿ ಕೂರಬೇಕು. "ಹೊತ್ತಾತು, ನಿಮ್ಮವೆಲ್ಲ ತರ್ರಿ" ಎಂದು ಹೆಂಡತಿ ಕೂಗಿದಳು. ಕಂಪ್ಯೂಟರ್ ಓಡುತ್ತಿದ್ದ ಹಾಗೇ 'ಮನೇದು' ಡಿಸ್ಕನ್ನು ಮೂಲಂಗಿ ಕಿತ್ತ ಹಾಗೆ ಕಿತ್ತು ಅವಳ ಕೈಗೆ ಕೊಟ್ಟು, ಬೂದುಗುಂಬಳಕಾಯಿ ತರಲು ಸಂತೆಗೆ ಹೋದೆ.

ಬರುವಷ್ಟರಲ್ಲಿ ಅವಳು ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿ, ಕೊಳಕಾಗಿದೆ ಎಂದು ನನ್ನ ಚೀಟಿಯನ್ನು ಕಿತ್ತು ಎಸೆದಿದ್ದಳು. ಡಬ್ಬಿಯಲ್ಲಿದ್ದ ಖಾಲಿ ಡಿಸ್ಕನ್ನೂ ಹೊರಗೆ ತೆಗೆದಿದ್ದಳು. "ನಾಳೆ ಅದೂ ದುಡಿಯೋದೇ ಅಲ್ಲೇನ್ರಿ? ಅದೊಂದನ್ನ ಯಾಕೆ ಬಿಡ್ಬೇಕು?" ಎರಡರ ಮೇಲೂ ಮೂರು ಪಟ್ಟೆ ವಿಭೂತಿ, ಒಂದೊಂದು ಕುಂಕುಮದ ಬೊಟ್ಟು, ಒಂದೊಂದು ಸೇವಂತಿಗೆ. ನೋಡಲು ಚೆನ್ನಾಗಿಯೇ ಇದ್ದವು. ನಾನೂ ಕೈಮುಗಿದೆ.

ಮಾರನೆಯ ದಿನ ಎರಡನ್ನೂ ಕಂಪ್ಯೂಟರಿಗೆ ಸಿಕ್ಕಿಸಿದರೆ, ಎರಡಕ್ಕೂ ಪರದೆಯ ಮೇಲೆ ಒಂದೇ ಪ್ರಶ್ನೆ: ಇದನ್ನು ಫಾರ್ಮ್ಯಾಟ್ ಮಾಡಲೇ? ಫಾರ್ಮ್ಯಾಟ್ ಎಂದರೆ ಒರೆಸಿ ಹೊಸದು ಮಾಡುವುದು. ಹೊಸ ಡಿಸ್ಕು ಹಾಗೆ ಕೇಳುವುದು ಸಹಜ. ತುಂಬಿದ ಡಿಸ್ಕು ಹಾಗೆ ಕೇಳಬಾರದು. ಐಮಂಗಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನಿಗೆ ಫೋನು ಹಚ್ಚಿದೆ.

"ಲೇ, ಓಡ್ತಿರೋ ಡಿಸ್ಕ್ ಕಿತ್ತಿಯೇನು? ಮದುವೆ ಎಷ್ಟು ಶೂಟ್ ಮಾಡೀಯ, ಬುದ್ಧಿ ಮಾತ್ರ ಬರ್ಲಿಲ್ಲ ನೋಡು" ಎಂದ. ಮನಸಾರೆ ಬೈದ ಮೇಲೆ ದಾರಿ ಹೇಳಿದ. "ಒಳಗಿರೋದು ಎಲ್ಲೂ ಹೋಗಿಲ್ಲ, ತೆಗೀಬಹುದು. ಖಾಲಿದನ್ನ ಫಾರ್ಮ್ಯಾಟ್ ಮಾಡು, ತುಂಬಿರೋದ್ರಾಗಿಂದ ತೆಗೆದು ಅದಕ್ಕೆ ಹಾಕು. ಅದಲು ಬದಲು ಆತೋ, ನಿನ್ನ ಮದುವೆ ಮುಗೀತು."

ಯಾವುದು ಖಾಲಿ? ಎರಡನ್ನೂ ಹೊರಗೆ ತೆಗೆದು, ತುಂಬಿದ್ದು ಭಾರ ಇರಬಹುದೆಂದು ಎರಡು ಅಂಗೈಯಲ್ಲಿ ತೂಗಿ ನೋಡಿದೆ. ಹದಿನೈದು ವರ್ಷದ ಅನುಭವಿ ನಾನು! ಹೆಂಡತಿ ಬಂದು ಒಂದನ್ನು ತೋರಿಸಿ, "ಇದಕ್ಕೆ ಹಳದಿ ಸೇವಂತಿಗೆ ಇಟ್ಟಿದ್ದೆ ಅನ್ಸುತ್ತೆ" ಎಂದಳು. ಹಳದಿ ಇಟ್ಟದ್ದು ಹೊಸದಕ್ಕೋ ಹಳೆಯದಕ್ಕೋ ಎಂದರೆ ಅವಳಿಗೂ ಗೊತ್ತಿಲ್ಲ.

ಗೆಳೆಯ ಮತ್ತೆ ಸಿಕ್ಕಿಸಲು ಹೇಳಿದ. ಪ್ರತಿ ಡಿಸ್ಕಿಗೂ ಕಾರ್ಖಾನೆಯಲ್ಲೇ ಒಂದು ನಂಬರು ಕೊಟ್ಟಿರುತ್ತಾರಂತೆ, ನಮ್ಮ ಆಧಾರ್ ಇದ್ದ ಹಾಗೆ. ಫಾರ್ಮ್ಯಾಟ್ ಮಾಡಿದರೂ ಅದು ಬದಲಾಗುವುದಿಲ್ಲವಂತೆ. ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆಸಿ ಒಂದು ಸಾಲು ಟೈಪ್ ಮಾಡಿಸಿದ. ಮೂರು ಸಲ ತಪ್ಪು ಹೊಡೆದೆ, ನಾಲ್ಕನೆಯದಕ್ಕೆ ಎರಡು ನಂಬರು ಒಂದರ ಕೆಳಗೊಂದು ಬಂದು ನಿಂತವು.

"ಈಗ ಹೊಸದರ ಡಬ್ಬಿ ನೋಡು. ಅದರ ಮೇಲೂ ಅದೇ ನಂಬರ್ ಬರ್ದಿರ್ತಾರೆ."

ಡಬ್ಬಿ! ಅದನ್ನು ಕಸಕ್ಕೆ ಹಾಕಿರುತ್ತಾಳೆಂದು ಹೆಂಡತಿಯ ಮೇಲೆ ಕೂಗಾಡಲು ಬಾಯಿ ತೆರೆದೆ. ಅವಳು ಆಗಲೇ ದೇವರ ಮನೆಗೆ ಹೋಗಿ ಡಬ್ಬಿ ತಂದಿದ್ದಳು. ಒಳಗೆ ಕರ್ಪೂರ, ಬೆಂಕಿಪೊಟ್ಟಣ, ಹತ್ತಿಯ ಬತ್ತಿ. "ಗಟ್ಟಿ ಡಬ್ಬಿ, ಬಿಸಾಕಾಕೆ ಮನಸ್ಸು ಬರ್ಲಿಲ್ಲ." ತೆರೆದ ಬಾಯನ್ನು ಮುಚ್ಚಿಕೊಂಡೆ.

ಅವಳು ಓದುತ್ತಾ ಹೋದಳು, ನಾನು ಪರದೆಯ ಮೇಲೆ ಬೆರಳಿಟ್ಟೆ. ಒಟ್ಟಿಗೆ ತಂದ ಅವಳಿ ಡಿಸ್ಕುಗಳಲ್ಲವೇ, ಮೊದಲ ಹತ್ತು ಅಕ್ಷರ ಎರಡಕ್ಕೂ ಒಂದೇ. ಅಲ್ಲಿ ಅವಳು ನಿಲ್ಲಿಸಿದಳು.

"ಅಷ್ಟಕ್ಕೂ ಆ ಇನ್ನೊಂದರಾಗೆ ಏನೈತೆ?"

ಸುಳ್ಳು ಹೇಳಬೇಕೆನಿಸಿತು. "ನಮ್ಮ ಮದುವೆ" ಎಂದೆ.

ಅವಳು ಡಬ್ಬಿಯನ್ನು ಸೆರಗಿನಿಂದ ಒರೆಸಿ, ಮೊದಲಿನಿಂದ, ಒಂದೊಂದೇ ಅಕ್ಷರ ನಿಧಾನವಾಗಿ ಓದಿದಳು. ಕೊನೆಯ ಎರಡು ಅಂಕಿ ಮೇಲಿನ ಸಾಲಿಗೆ ಕೂಡಿದವು. ಮೇಲಿನದು ಖಾಲಿ. ಮೌಸಿನ ಮೇಲಿದ್ದ ನನ್ನ ಕೈ ಹಿಡಿದು, "ತಡೀರಿ, ಇನ್ನೊಂದ್ಸಲ ಓದ್ತೀನಿ" ಎಂದಳು. ಓದಿದಳು. ಆಮೇಲೆ ಒತ್ತಿದೆ.

ಸಂಜೆಯ ಹೊತ್ತಿಗೆ ಮದುವೆ ಒಂದೊಂದೇ ತುಂಡಾಗಿ ಈಚೆ ಬಂತು. ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಶುರುವಾಯಿತು ನನ್ನ ಮರ್ಯಾದೆಯ ಹರಾಜು. ಬಾಸಿಂಗ ಕಟ್ಟಿಕೊಂಡು ಕ್ಯಾಮೆರಾದವನಿಗೆ ಕೈಸನ್ನೆ ಮಾಡುತ್ತಿದ್ದೇನೆ. ಅಕ್ಷತೆ ಬೀಳುವಾಗ ಲೈಟು ಎಡಕ್ಕೆ ಸರಿಸು ಎನ್ನುತ್ತಿದ್ದೇನೆ. ತಾಳಿ ಕಟ್ಟುವಾಗಲೂ ಕೈ ಅವಳ ಕೊರಳಲ್ಲಿ, ಕಣ್ಣು ಲೆನ್ಸಿನಲ್ಲಿ.

"ಒಂದ್ಸಲನಾದ್ರೂ ನನ್ನ ಕಡೆ ನೋಡೀರಾ?" ಎಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಕೊನೆಗೆ ಊಟದ ಮನೆ ಬಂತು. ಅದು ಛತ್ರದ ನೆಲಮಾಳಿಗೆ. ಎಲೆಗೆ ಬಡಿಸುತ್ತಿರುವಾಗಲೇ ಅಲ್ಲಿ ಕರೆಂಟು ಹೋಗಿ ಪರದೆಯೆಲ್ಲ ಕಪ್ಪಾಯಿತು. ಕತ್ತಲು ಕಂಡರೆ ಕತ್ತರಿಸುವುದು ನಮ್ಮ ಕಸುಬು. ಕೈ ತಾನಾಗಿ ಕೀಬೋರ್ಡಿಗೆ ಹೋಯಿತು.

"ಇರ್ರಿ" ಎಂದಳು.

ಕ್ಯಾಮೆರಾದವನು ನಿಲ್ಲಿಸಲು ಮರೆತಿದ್ದ. ಗದ್ದಲದ ನಡುವೆ, ಹತ್ತಿರದಲ್ಲಿ, ನನ್ನದೇ ದನಿ, ಮೆಲ್ಲಗೆ: "ಕಾಲು ನೋಯ್ತಾವಾ? ಬೆಳಗ್ಗಿಂದ ನಿಂತಿದೀಯ. ಚಾಚ್ಕಂಡು ಕುಂತ್ಕ, ಯಾರಿಗೂ ಕಾಣಲ್ಲ. ನನ್ನ ಹೋಳಿಗೆನೂ ನೀನೇ ತಿನ್ನು." ಆ ಕತ್ತಲಲ್ಲೇ ಅವಳ ಸಣ್ಣ ನಗು ಕೇಳಿಸಿತು. ಮರುಕ್ಷಣ ಕರೆಂಟು ಬಂತು, ನಾನು ಗದ್ದ ಎತ್ತಿ ಕ್ಯಾಮೆರಾಕ್ಕೆ ಕೂಗಿದೆ: "ಲೇ, ರೆಕಾರ್ಡ್ ಆಗ್ತೈತಾ?"

ಅಷ್ಟನ್ನು ಅವಳು ಮೂರು ಸಲ ಹಾಕಿಸಿ ಕೇಳಿದಳು. ನನಗೆ ಹಾಗೆ ಹೇಳಿದ ನೆನಪೇ ಇರಲಿಲ್ಲ. ಅವಳಿಗೆ ಇತ್ತು.

ವಾರದೊಳಗೆ ಎಡಿಟ್ ಮುಗಿಸಿದೆ. ಈಗ ಮೂರು ಕಾಪಿ ಇವೆ, ಮೂರು ಡಿಸ್ಕಿನ ನಂಬರನ್ನೂ ಅವಳೇ ದೇವರ ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾಳೆ. ಕತ್ತಲನ್ನು ಕತ್ತರಿಸಿಲ್ಲ. ತಾಳ್ಯದಿಂದ ಅವಳ ತವರಿನವರು ಬಂದು ನೋಡುವಾಗ ಅಲ್ಲಿಗೆ ಬಂದರೆ, "ಏನಪ್ಪ, ನಿನ್ನ ಡಿಸ್ಕ್ ಕೆಟ್ಟೈತೆ ನೋಡು" ಎನ್ನುತ್ತಾರೆ. ಅವಳು ರಿಮೋಟು ತೆಗೆದುಕೊಂಡು ಸೌಂಡು ಜಾಸ್ತಿ ಮಾಡುತ್ತಾಳೆ.